ಟೆಂಟ್ ಎಣಿಸಿದರೆ ಸಾಲದು, ನೆಲ ಅಳೆಯಬೇಕು

ಮಳೆಗಾಲ ಮುಗಿದು ದೀಪಾವಳಿ ಹತ್ತಿರವಾಗುತ್ತಿದ್ದಂತೆ ತರೀಕೆರೆ, ಕಡೂರು, ಅಜ್ಜಂಪುರ ಕಡೆಯ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಬರತೊಡಗುತ್ತದೆ. ಕೆಮ್ಮಣ್ಣುಗುಂಡಿಯ ಸುತ್ತ, ಕಲ್ಲತ್ತಗಿರಿಯ ಆಸುಪಾಸಿನಲ್ಲಿ, ಲಕ್ಕವಳ್ಳಿಯ ಹಿನ್ನೀರಿನ ದಂಡೆಯಲ್ಲಿ, ಅಯ್ಯನಕೆರೆಯ ಬಳಿ ಟೆಂಟ್ ಹಾಕಿ ರಾತ್ರಿ ತಂಗಲು ಬಿಡಬೇಕೋ, ತಡೆಯಬೇಕೋ? ಬಿಡುವುದಾದರೆ ಎಷ್ಟು ಟೆಂಟ್? ಹೋಂಸ್ಟೇ, ಜೀಪು, ಹೋಟೆಲು ನಂಬಿ ಬದುಕುವವರು ಬಿಡಿ ಎನ್ನುತ್ತಾರೆ. ಬೆಟ್ಟದ ಬಗ್ಗೆ ಕಾಳಜಿ ಇರುವವರು ಪೂರ್ತಿ ನಿಲ್ಲಿಸಿ ಎನ್ನುತ್ತಾರೆ. ಇಬ್ಬರ ಕಳಕಳಿಯೂ ನಿಜವಾದದ್ದೇ. ಆದರೆ ಇಬ್ಬರ ಕಣ್ಣೂ ಬರುವವರ ತಲೆಯ ಮೇಲೇ ಇದೆ. ಸರ್ಕಾರದ ಯೋಚನೆಯೂ ಸದ್ಯಕ್ಕೆ ಹಾಗೆಯೇ. 2024ರ ಜನವರಿ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ, ಕುಮಾರ ಪರ್ವತಕ್ಕೆ ಸಾವಿರಾರು ಚಾರಣಿಗರು ಒಮ್ಮೆಗೇ ನುಗ್ಗಿದರು. ಅದರ ಬೆನ್ನಿಗೇ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು; ಅದೇ ವರ್ಷ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಹಾಕಿ ಬುಕಿಂಗ್ ವ್ಯವಸ್ಥೆ ತಂದಿತು. ಒಳ್ಳೆಯ ಕೆಲಸ. ನೂಕುನುಗ್ಗಲು ತಪ್ಪಿತು, ಯಾರು ಒಳಗೆ ಹೋದರು, ಯಾರು ವಾಪಸು ಬಂದರು ಎಂಬ ಲೆಕ್ಕ ಸಿಕ್ಕಿತು. ಆದರೆ ಗೇಟಿನಲ್ಲಿ ಎಣಿಸಿದ ಸಂಖ್ಯೆ ಬೆಟ್ಟದ ಮೇಲಿನ ಹುಲ್ಲಿಗೆ ಏನಾಯಿತೆಂದು ಹೇಳುವುದಿಲ್ಲ. ಯಾವ ಜಾಗದಲ್ಲಿ ಎಷ್ಟು ಟೆಂಟ್ ಎಂದು ತೀರ್ಮಾನಿಸುವ ಮೊದಲು ಆ ಜಾಗದ ನೆಲ ಈಗ ಯಾವ ಸ್ಥಿತಿಯಲ್ಲಿದೆ, ಕಳೆದ ವರ್ಷ ಹೇಗಿತ್ತು ಎಂದು ಅಳೆದು ಬರೆದಿಡಬೇಕು ಎಂಬುದು ನನ್ನ ವಾದ. ಆ ದಾಖಲೆ ಇಲ್ಲದೆ ಹಾಕುವ ಮಿತಿಯೂ ಊಹೆ, ನಿಷೇಧವೂ ಊಹೆ.

ಒಂದು ಕ್ಯಾಂಪ್ ಜಾಗ ಹೇಗೆ ಕೆಡುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಮೊದಲ ರಾತ್ರಿ ಹುಲ್ಲು ಮಲಗುತ್ತದೆ, ಅಷ್ಟೆ. ಒಂದು ಹದ ಮಳೆ ಬಂದರೆ ಮತ್ತೆ ಏಳುತ್ತದೆ. ನಾಲ್ಕಾರು ವಾರಾಂತ್ಯ ಕಳೆಯುವಷ್ಟರಲ್ಲಿ ಮೂರು ಕಲ್ಲಿನ ಒಲೆಯ ಸುತ್ತ ಹುಲ್ಲು ಸುಟ್ಟು, ಬೂದಿ, ಅರೆಬೆಂದ ಕೊಳ್ಳಿ, ಕರಗಿ ಮುದುಡಿದ ಚಿಪ್ಸ್ ಪೊಟ್ಟಣಗಳು ಉಳಿಯುತ್ತವೆ. ಮುಂದಿನ ತಂಡ ಹಳೆಯ ಒಲೆ ಕೊಳಕಾಗಿದೆಯೆಂದು ಪಕ್ಕದಲ್ಲೇ ಇನ್ನೊಂದು ಹೂಡುತ್ತದೆ. ಟೆಂಟಿನ ಅಡಿಯ ಮಣ್ಣು ತುಳಿತಕ್ಕೆ ಬಿಗಿದು ಗಟ್ಟಿಯಾಗುತ್ತದೆ, ನೀರು ಇಂಗದೆ ಮೇಲೆಯೇ ಹರಿಯುತ್ತದೆ. ಆ ನೀರು ಒಳಗೆ ನುಗ್ಗಬಾರದೆಂದು ಟೆಂಟಿನ ಸುತ್ತ ಯಾರೋ ತೋಡಿದ ಗೇಣಗಲದ ಕಾಲುವೆ ಇಳಿಜಾರಿನಲ್ಲಿ ಮುಂದಿನ ಮುಂಗಾರಿಗೆ ಕೊರಕಲಾಗುತ್ತದೆ. ಕೈಗೆಟಕುವ ಒಣಕಟ್ಟಿಗೆ ಮುಗಿದ ಮೇಲೆ ಹಸಿರೆಂಬೆಗೆ ಮಚ್ಚು ಬೀಳುತ್ತದೆ. ಹಗ್ಗ ಬಿಗಿದಲ್ಲಿ ತೊಗಟೆ ಸುಲಿಯುತ್ತದೆ. ನೀರಿಗೆ ಒಂದು, ಬಹಿರ್ದೆಸೆಗೆ ಒಂದು, ಫೋಟೊ ತೆಗೆಯುವ ಬಂಡೆಗೆ ಒಂದು ಎಂದು ಸುತ್ತ ಹೊಸ ಕಾಲುದಾರಿಗಳು ಬೀಳುತ್ತವೆ. ತರಗೆಲೆ ಮಾಯವಾಗಿ ಮರದ ಬೇರು ಮೇಲೆದ್ದು ಕಾಣುವ ಹೊತ್ತಿಗೆ ಆ ಜಾಗ ಟೆಂಟ್ ಹಾಕುವವರಿಗೂ ಬೇಡವಾಗಿರುತ್ತದೆ. ಅವರು ಇನ್ನೂ ಹಸಿರಾಗಿರುವ ಪಕ್ಕದ ತುಣುಕಿಗೆ ಸರಿಯುತ್ತಾರೆ. ಅಮೆರಿಕದ ಅರಣ್ಯಶಾಸ್ತ್ರಜ್ಞ ಸಿಡ್ನಿ ಫ್ರಿಸೆಲ್ 1978ರಲ್ಲೇ ಇದನ್ನು ಐದು ದರ್ಜೆಯಾಗಿ ಬರೆದಿಟ್ಟರು. ಹುಲ್ಲು ಬರೀ ಮಲಗಿರುವುದು ಒಂದನೆಯದು. ಒಲೆಯ ಸುತ್ತ ಸವೆದಿರುವುದು ಎರಡನೆಯದು. ಬಹುಪಾಲು ಹಸಿರು ಹೋಗಿದ್ದರೂ ತರಗೆಲೆ, ಗೊಬ್ಬರಮಣ್ಣು ಉಳಿದಿರುವುದು ಮೂರನೆಯದು. ಬರಿಮಣ್ಣು ಎಲ್ಲೆಡೆ ಕಾಣುವುದು ನಾಲ್ಕನೆಯದು. ಮಣ್ಣು ಕೊಚ್ಚಿಹೋಗಿ ಮರಗಳೇ ಸಾಯುತ್ತಿರುವುದು ಐದನೆಯದು. ಹತ್ತನೇ ತರಗತಿ ಓದಿದ ಯಾರು ಬೇಕಾದರೂ ನಿಂತ ಜಾಗದಲ್ಲೇ ಹೇಳಬಹುದಾದ ದರ್ಜೆ ಇದು.

ಫ್ರಿಸೆಲ್ ನಂತರ ಡೇವಿಡ್ ಕೋಲ್ ಎಂಬ ವಿಜ್ಞಾನಿ ಆರೆಗಾನ್ ರಾಜ್ಯದ ಈಗಲ್ ಕ್ಯಾಪ್ ಬೆಟ್ಟಸಾಲಿನ ಕ್ಯಾಂಪ್ ತಾಣಗಳನ್ನು 1979ರಲ್ಲಿ ಅಳೆದು, ಮತ್ತೆ 1984ರಲ್ಲಿ, 1990ರಲ್ಲಿ ಅಳೆದರು. ಸಿಕ್ಕ ಫಲಿತಾಂಶ ನಮ್ಮ ಸಾಮಾನ್ಯ ಎಣಿಕೆಗೆ ವಿರುದ್ಧವಾಗಿದೆ. ದುಪ್ಪಟ್ಟು ಜನ ಬಂದರೆ ದುಪ್ಪಟ್ಟು ಹಾನಿ ಎಂದು ನಾವು ತಿಳಿಯುತ್ತೇವೆ. ಕೋಲ್ ಕಂಡದ್ದು ಬೇರೆ. ವರ್ಷಕ್ಕೆ ಕೆಲವೇ ರಾತ್ರಿ ಬಳಕೆಯಾದ ತಾಣದಲ್ಲೂ ಗಿಡಹುಲ್ಲಿನ ದೊಡ್ಡ ಪಾಲು ಆಗಲೇ ಹೋಗಿತ್ತು. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಳಕೆಯಾದ ತಾಣದ ಸ್ಥಿತಿ ಅದಕ್ಕಿಂತ ಅಷ್ಟೇನೂ ಕೆಟ್ಟಿರಲಿಲ್ಲ. ಎಂದರೆ ಹಾನಿಯ ಹೆಚ್ಚಿನ ಭಾಗ ಮೊದಲ ಕೆಲವು ರಾತ್ರಿಗಳಲ್ಲೇ ಆಗಿಬಿಡುತ್ತದೆ. ಚೇತರಿಕೆಯ ಕತೆ ಇದಕ್ಕೆ ತದ್ವಿರುದ್ಧ: ಕ್ಯಾಲಿಫೋರ್ನಿಯಾದ ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದ ಬುಲ್‌ಫ್ರಾಗ್ ಸರೋವರದ ಬಳಿ ಕ್ಯಾಂಪಿಂಗ್ ನಿಲ್ಲಿಸಿ 15 ವರ್ಷ ಕಳೆದರೂ ಮೇಲ್ಪದರದ ತರಗು, ಗೊಬ್ಬರಮಣ್ಣು ಮೊದಲಿನಷ್ಟು ಕೂಡಿಕೊಂಡಿರಲಿಲ್ಲ. ಕೆಡುವುದು ವಾರಗಳಲ್ಲಿ, ಮಾಗುವುದು ದಶಕಗಳಲ್ಲಿ. ಇದರಿಂದ ಒಂದು ಮುಖ್ಯ ಮಾತು ಹೊರಡುತ್ತದೆ. ದಿನಕ್ಕೆ ಐವತ್ತು ಟೆಂಟ್ ಇದ್ದದ್ದನ್ನು ಇಪ್ಪತ್ತೈದಕ್ಕೆ ಇಳಿಸಿ, ಆ ಇಪ್ಪತ್ತೈದನ್ನು ಎಲ್ಲಿ ಬೇಕಾದರೂ ಹಾಕಿಕೊಳ್ಳಿ ಎಂದುಬಿಟ್ಟರೆ ಬೆಟ್ಟಕ್ಕೆ ಅರ್ಧದಷ್ಟು ಉಪಕಾರವೂ ಆಗುವುದಿಲ್ಲ. ಅದೇ ಐವತ್ತನ್ನು ಆಗಲೇ ಸವೆದಿರುವ, ನೆಲ ಗಟ್ಟಿಯಿರುವ ಎರಡು ಜಾಗಕ್ಕೆ ಸೀಮಿತಗೊಳಿಸಿ ಉಳಿದದ್ದನ್ನು ಮುಟ್ಟದಂತೆ ಕಾದರೆ ಹೆಚ್ಚು ನೆಲ ಉಳಿಯುತ್ತದೆ.

ಆರೆಗಾನ್ ಎಲ್ಲಿ, ತರೀಕೆರೆ ಎಲ್ಲಿ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಲ್ಲಿ ಹಿಮ ಕರಗಿದ ಮೇಲಿನ ಕೆಲವೇ ತಿಂಗಳು ಗಿಡ ಬೆಳೆಯುತ್ತದೆ. ನಮ್ಮಲ್ಲಿ ಮುಂಗಾರು ಹಿಡಿದರೆ ಬೋಳು ದಂಡೆಯೂ ಹಸಿರಾಗುತ್ತದೆ. ಆದರೆ ಆ ಹಸಿರು ಮೊದಲಿದ್ದ ಹುಲ್ಲೇ ಎಂದೇನೂ ಇಲ್ಲ. ತುಳಿದು ತೆರೆದ ಜಾಗಕ್ಕೆ ಮೊದಲು ನುಗ್ಗುವುದು ಲಂಟಾನ, ಕಮ್ಯುನಿಸ್ಟ್ ಗಿಡದಂಥ ಕಳೆ. ಅದೇ ಮುಂಗಾರು ಇಳಿಜಾರಿನ ಬೋಳು ಮಣ್ಣನ್ನು ಒಂದೇ ಆಷಾಢದಲ್ಲಿ ಹಳ್ಳಕ್ಕಿಳಿಸುವ ಶಕ್ತಿಯನ್ನೂ ಇಟ್ಟುಕೊಂಡಿದೆ. ಅಮೆರಿಕದ ಅಂಕಿಗಳನ್ನು ತಂದು ಇಲ್ಲಿ ಅಂಟಿಸಲಾಗದು ಎಂಬುದನ್ನು ಒಪ್ಪುತ್ತೇನೆ. ಹಾಗೆ ಒಪ್ಪಿದ ಮೇಲೆ ಇಲ್ಲಿನ ಅಂಕಿಗಳನ್ನು ಇಲ್ಲೇ ಅಳೆದು ಪಡೆಯಬೇಕು ಎಂಬುದನ್ನೂ ಒಪ್ಪಬೇಕಾಗುತ್ತದೆ. ಈ ಮೂರು ತಾಲ್ಲೂಕುಗಳಿಗಂತೂ ಅದು ಇನ್ನೂ ಅಗತ್ಯ. ಬಯಲುಸೀಮೆ ಮಲೆನಾಡಾಗುವ ಅಂಚು ಇದು. ಬಸ್ಸಿನಲ್ಲಿ ಒಂದೆರಡು ಗಂಟೆಯೊಳಗೆ ನೆಲದ ಗುಣವೇ ಬದಲಾಗುತ್ತದೆ. ಕಡೂರಿನ ಬಯಲಿಗೆ ವರ್ಷವಿಡೀ ಬೀಳುವಷ್ಟು ಮಳೆ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯ ಮೇಲೆ ಮುಂಗಾರಿನ ಕೆಲವು ವಾರಗಳಲ್ಲೇ ಸುರಿಯುತ್ತದೆ. ಅಲ್ಲಿನ ಇಳಿಜಾರು ಹುಲ್ಲುಗಾವಲಿನಲ್ಲಿ ಹತ್ತು ಟೆಂಟ್ ಹಾಕಿದರೆ ಭಯ ಮಣ್ಣಿನದು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನಲ್ಲಿ, ಕೃಷ್ಣಮೃಗಗಳಿಗೆಂದು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ ಒಣಹುಲ್ಲಿನ ಬಯಲಿನಲ್ಲಿ, ಅದೇ ಹತ್ತು ಟೆಂಟ್‌ಗಳಿಂದ ಮಣ್ಣು ಕೊಚ್ಚಿಹೋಗದಿರಬಹುದು. ಆದರೆ ಒಂದು ಕಿಡಿ, ರಾತ್ರಿಯ ಒಂದು ಜನರೇಟರಿನ ಬೆಳಕು ಸದ್ದು ಸಾಕು. ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯದ ದಂಡೆಯ ಕೆಸರನ್ನು ಪ್ರತಿವರ್ಷ ನೀರೇ ಏರಿ ಬಂದು ಒರೆಸಿಹಾಕುತ್ತದೆ, ಹಾಗಾಗಿ ಸವೆತದ ಲೆಕ್ಕದಲ್ಲಿ ಅದು ಗಟ್ಟಿ ಜಾಗ. ಆದರೆ ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳ ಬರಿನೆಲದ ಮೇಲೆಯೇ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ. ಅಲ್ಲಿ ಅಳೆಯಬೇಕಾದದ್ದು ಹುಲ್ಲನ್ನಲ್ಲ, ಹಕ್ಕಿ ಗೂಡಿಗೂ ಮನುಷ್ಯರ ಓಡಾಟಕ್ಕೂ ಇರುವ ದೂರವನ್ನು. ಹೀಗಿರುವಾಗ ಇಡೀ ಜಿಲ್ಲೆಗೆ ಒಂದೇ ಸಂಖ್ಯೆ ಹೇಗೆ ಹೊಂದೀತು?

ನೆಲ ನೋಡಿ ಬಳಕೆ ನಿರ್ಧರಿಸುವ ಕ್ರಮ ಈ ಸೀಮೆಗೆ ಹೊಸದಲ್ಲ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಅದರ ದನಗಳಿಗೆಂದು ಮೀಸಲಿಟ್ಟ ಕಾವಲುಗಳು ಅಜ್ಜಂಪುರ, ಬೀರೂರು, ಕಡೂರಿನ ಸುತ್ತ ಇಂದಿಗೂ ಉಳಿದಿವೆ. ಆ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ನೀರು, ನೆರಳು ಇರುವುದು ಬೇಸಿಗೆಗೆ. ಮಳೆಗೆ ಹುಲ್ಲು ಚಿಗುರುವುದು ಮಳೆಗಾಲಕ್ಕೆ. ದನದ ತಲೆ ಎಣಿಸುತ್ತಿರಲಿಲ್ಲ ಎಂದಲ್ಲ, ಎಣಿಸುತ್ತಿದ್ದರು. ಜೊತೆಗೆ ಯಾವ ನೆಲ ಯಾವ ತಿಂಗಳಲ್ಲಿ ಎಷ್ಟು ತಡೆಯುತ್ತದೆ ಎಂಬ ತಿಳಿವಳಿಕೆಯನ್ನೂ ಇಟ್ಟುಕೊಂಡಿದ್ದರು, ಅದನ್ನು ಕಾಯಲು ಆಳು ನೇಮಿಸಿದ್ದರು. ಪ್ರವಾಸದ ಹೆಸರಿನಲ್ಲಿ ನಾವು ಬಿಟ್ಟುಕೊಟ್ಟಿರುವುದು ಈ ಎರಡನೆಯ ಅರ್ಧವನ್ನು.

ಹಾಗಾದರೆ ಅಳೆಯುವುದು ಹೇಗೆ? ಇದಕ್ಕೆ ಪ್ರಯೋಗಾಲಯ ಬೇಡ. ತಾಣದ ನಡುವೆ ಒಂದು ಉದ್ದ ಮೊಳೆಯನ್ನು ನೆಲಮಟ್ಟಕ್ಕಿಂತ ತುಸು ಕೆಳಗೆ ಹೂತು, ಹತ್ತಿರದ ದೊಡ್ಡ ಬಂಡೆಯಿಂದಲೋ ಮರದಿಂದಲೋ ಅದಕ್ಕಿರುವ ದೂರ, ದಿಕ್ಕು ಬರೆದಿಟ್ಟುಕೊಳ್ಳಬೇಕು. ಐದು ವರ್ಷ ಬಿಟ್ಟು ಬೇರೊಬ್ಬರು ಬಂದರೂ ಅದೇ ಬಿಂದು ಸಿಗಬೇಕು. ಅಲ್ಲಿಂದ ದಿಕ್ಸೂಚಿ ಹಿಡಿದು ಎಂಟು ದಿಕ್ಕಿಗೆ, ಸಾಧ್ಯವಾದರೆ ಹದಿನಾರು ದಿಕ್ಕಿಗೆ, ಟೇಪು ಎಳೆದು, ತುಳಿದ ನೆಲ ಮುಗಿದು ತುಳಿಯದ ನೆಲ ಎಲ್ಲಿ ಶುರುವಾಗುತ್ತದೆಂದು ಗುರುತಿಸಬೇಕು. ಆ ತುದಿಗಳನ್ನು ಕೂಡಿಸಿದರೆ ತಾಣದ ವಿಸ್ತೀರ್ಣ ಸಿಗುತ್ತದೆ. ಮುಂದಿನ ವರ್ಷ ಅದು ಹಿಗ್ಗಿದೆಯೋ ಕುಗ್ಗಿದೆಯೋ ಎಂಬುದಕ್ಕೆ ವಾದವೇ ಇರುವುದಿಲ್ಲ. ಅದರೊಳಗೆ ಎಷ್ಟು ಪಾಲು ಬರಿಮಣ್ಣು, ಎಷ್ಟು ಒಲೆ, ಎಷ್ಟು ಮರಕ್ಕೆ ಗಾಯ, ಎಷ್ಟರ ಬೇರು ಮೇಲೆದ್ದಿದೆ, ಎಷ್ಟು ಹೊಸ ಕಾಲುದಾರಿ, ಎಲ್ಲೆಲ್ಲಿ ಮಲವಿಸರ್ಜನೆ, ನೀರಿನ ಸೆಲೆಗೆ ಎಷ್ಟು ದೂರ ಎಂದು ಬರೆಯಬೇಕು. ಒಂದೇ ಕಲ್ಲಿನ ಮೇಲೆ ನಿಂತು, ಅದೇ ದಿಕ್ಕಿಗೆ ಫೋಟೊ ತೆಗೆಯಬೇಕು. ಪಕ್ಕದಲ್ಲೇ ಯಾರೂ ಮಲಗದ ಅಂಥದೇ ಒಂದು ತುಣುಕು ನೆಲವನ್ನೂ ಅಳೆಯಬೇಕು. ಇದನ್ನು ಬಿಟ್ಟರೆ ಬರಗಾಲದಲ್ಲಿ ಒಣಗಿದ ಹುಲ್ಲನ್ನು ಪ್ರವಾಸಿಗರ ತಲೆಗೆ ಕಟ್ಟುವ ತಪ್ಪಾಗುತ್ತದೆ. ಒಳ್ಳೆಯ ಮಳೆ ಬಂದ ವರ್ಷ ಹಾನಿಯೇ ಇಲ್ಲವೆಂದು ನಂಬುವ ತಪ್ಪೂ ಆಗುತ್ತದೆ. ವರ್ಷಕ್ಕೆ ಎರಡು ಸಲ ಸಾಕು: ನವೆಂಬರಿನಲ್ಲಿ ಮಳೆ ಏನು ಕೊಚ್ಚಿತು, ಏನು ಮಾಗಿಸಿತು ಎಂದು ನೋಡಲು, ಮೇ ತಿಂಗಳಲ್ಲಿ ಮೊದಲ ಮಳೆಗೆ ಮುಂಚೆ, ಆ ಸಾಲಿನ ಬಳಕೆ ಏನು ಮಾಡಿತು ಎಂದು ನೋಡಲು. ಇಬ್ಬರು ಅಳೆದರೆ ಎರಡು ಉತ್ತರ ಬರಬಹುದೆಂಬ ಅನುಮಾನ ಸರಿಯಾದದ್ದೇ. ಅದಕ್ಕೇ ಶುರುವಿನಲ್ಲಿ ಇಬ್ಬರೂ ಒಂದೇ ತಾಣವನ್ನು ಬೇರೆ ಬೇರೆಯಾಗಿ ಅಳೆದು, ವ್ಯತ್ಯಾಸ ಎಲ್ಲಿ ಬಂತೆಂದು ಕೂತು ಸರಿಪಡಿಸಿಕೊಳ್ಳಬೇಕು.

ಅಳತೆ ಸುಮ್ಮನೆ ಕಡತ ಸೇರಬಾರದು. ಅಮೆರಿಕದ ಅರಣ್ಯ ಸೇವೆಯವರು 1985ರಲ್ಲಿ ರೂಪಿಸಿ, ಮೊಂಟಾನಾದ ಬಾಬ್ ಮಾರ್ಷಲ್ ಕಾಡುಪ್ರದೇಶದಲ್ಲಿ ಜಾರಿಗೆ ತಂದ ಕ್ರಮದ ತಿರುಳು ಇಲ್ಲಿದೆ: ಎಷ್ಟು ಬದಲಾವಣೆಯನ್ನು ಸಹಿಸುತ್ತೇವೆ ಎಂಬುದನ್ನು ಮೊದಲೇ ತೀರ್ಮಾನಿಸಿ, ಊರಿನವರನ್ನೂ ಬಳಸುವವರನ್ನೂ ಕೂರಿಸಿಕೊಂಡು ಬರೆದಿಡುವುದು, ಗೆರೆ ದಾಟಿದ ದಿನ ಏನು ಮಾಡುತ್ತೇವೆ ಎಂಬುದನ್ನೂ ಆಗಲೇ ಬರೆದಿಡುವುದು. ಒಂದು ತಾಣ ಮೂರನೆಯ ದರ್ಜೆಯಿಂದ ನಾಲ್ಕಕ್ಕೆ ಇಳಿದರೆ ಒಲೆ ನಿಷೇಧ, ವಿಸ್ತೀರ್ಣ ಎರಡು ಸಾಲು ಸತತವಾಗಿ ಹಿಗ್ಗಿದರೆ ಟೆಂಟಿನ ಸಂಖ್ಯೆ ಇಳಿಕೆ, ಐದಕ್ಕೆ ಇಳಿದರೆ ಮುಚ್ಚಿ ಮಣ್ಣು ಸಡಿಲಿಸಿ ಸ್ಥಳೀಯ ಹುಲ್ಲು ನೆಡುವುದು, ಹೀಗೆ. ಗೆರೆಯನ್ನು ಮೊದಲೇ ಎಳೆದಿದ್ದರೆ ಮುಚ್ಚುವ ದಿನ ಹೋಂಸ್ಟೇಯವರು ಮೋಸವಾಯಿತೆನ್ನಲಾರರು, ಅಧಿಕಾರಿಯೂ ಯಾರದೋ ಫೋನಿಗೆ ಮಣಿದು ಮುಚ್ಚದೆ ಬಿಡಲಾರರು. ನನಗೆ ಈ ಪದ್ಧತಿಯಲ್ಲಿ ಅತ್ಯಂತ ಇಷ್ಟವಾದ ಗುಣ ಇದೇ.

ಪೂರ್ತಿ ನಿಷೇಧವೇ ಸುಲಭವಲ್ಲವೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಕೆಲವು ಕಡೆ ನಿಷೇಧವೇ ಸರಿ. ಭದ್ರಾ ಅಭಯಾರಣ್ಯದೊಳಗೆ, 1998ರಿಂದ ಹುಲಿ ಯೋಜನೆಗೆ ಸೇರಿರುವ ಕಾಡಿನಲ್ಲಿ, ಅನುಮತಿಯಿಲ್ಲದೆ ಹೋಗುವುದಾಗಲಿ, ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಾಕುವುದಾಗಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿ ಚರ್ಚೆಗೆ ಜಾಗವಿಲ್ಲ. ಬಾಸೂರಿನಂಥ ಕಾವಲಿನೊಳಗೂ ರಾತ್ರಿ ಟೆಂಟ್ ಬೇಡವೆಂದೇ ನನ್ನ ಅಭಿಪ್ರಾಯ. ಆದರೆ ಎಲ್ಲ ಕಡೆ ನಿಷೇಧಿಸಿದರೆ ಏನಾಗುತ್ತದೆ? ಉತ್ತರಾಖಂಡ ಹೈಕೋರ್ಟ್ 2018ರ ಆಗಸ್ಟಿನಲ್ಲಿ ಬುಗ್ಯಾಲ್ ಎಂಬ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿ, ಭೇಟಿ ನೀಡುವವರ ಸಂಖ್ಯೆಗೆ 200ರ ಮಿತಿ ಹಾಕಿತು. ಹುಲ್ಲುಗಾವಲಿಗೆ ಬೇಕಾಗಿದ್ದ ರಕ್ಷಣೆಯೇ ಅದು. ಆದರೆ ಚಾರಣ ನಿಲ್ಲದಿದ್ದರೆ ಟೆಂಟ್ ಎಲ್ಲಿಯಾದರೂ ಬೀಳಲೇಬೇಕು. ಹುಲ್ಲುಗಾವಲು ಮುಚ್ಚಿದರೆ ಕೆಳಗಿನ ಕಾಡಂಚೇ ಉಳಿಯುತ್ತದೆ. ಆ ಕಾಡಂಚನ್ನು ಯಾರಾದರೂ ಅಳೆಯುತ್ತಿದ್ದಾರೆಯೇ ಎಂಬುದೇ ಪ್ರಶ್ನೆ. ನಮ್ಮಲ್ಲೂ ಹಾಗೆಯೇ: ಇಲಾಖೆಯ ಜಾಗದಲ್ಲಿ ನಿಷೇಧವಾದ ಟೆಂಟು ಕಾಫಿ ತೋಟದ ಮೇಲಿನ ಗುಡ್ಡಕ್ಕೆ, ಗೋಮಾಳಕ್ಕೆ, ಕೆರೆಯಂಗಳಕ್ಕೆ ಹೋಗುತ್ತದೆ. ಅಲ್ಲಿ ಗೇಟೂ ಇಲ್ಲ, ಲೆಕ್ಕವೂ ಇಲ್ಲ.

ತಾಣಗಳನ್ನು ವರ್ಷಕ್ಕೊಂದರಂತೆ ಬದಲಾಯಿಸಿ, ಹಳೆಯದಕ್ಕೆ ವಿಶ್ರಾಂತಿ ಕೊಡೋಣ ಎಂಬ ಸಲಹೆಯೂ ಬರುತ್ತದೆ. ಕಾವಲಿನ ದನಗಳಿಗೆ ಸರಿಹೊಂದಿದ ಉಪಾಯ ಇಲ್ಲಿ ಕೆಲಸ ಮಾಡುವುದಿಲ್ಲ. ಮೇದ ಹುಲ್ಲು ಬುಡದಿಂದ ಮತ್ತೆ ಚಿಗುರುತ್ತದೆ. ಒಲೆಯಡಿ ಬೆಂದ ಮಣ್ಣು, ಬಿಗಿದ ಮಣ್ಣು ಒಂದು ವರ್ಷಕ್ಕೆ ಮಾಗುವುದಿಲ್ಲ. ಹಾಗಾಗಿ ಬದಲಾಯಿಸುತ್ತಾ ಹೋದರೆ ಹತ್ತು ವರ್ಷಕ್ಕೆ ಹತ್ತು ಬೋಳು ಜಾಗ ಉಳಿಯುತ್ತವೆ. ದನ, ಕುರಿ ತುಳಿಯುವುದಿಲ್ಲವೇ, ಟೆಂಟ್ ಮಾತ್ರ ಕಣ್ಣಿಗೆ ಬೀಳುವುದೇಕೆ ಎಂಬುದು ಇನ್ನೊಂದು ಮಾತು. ತುಳಿಯುತ್ತವೆ, ಅದಕ್ಕೇ ಪಕ್ಕದ ತುಣುಕನ್ನೂ ಅಳೆಯಿರಿ ಎಂದದ್ದು. ಹಾನಿ ಟೆಂಟಿನದಲ್ಲ ಎಂದು ಅಳತೆ ಹೇಳಿದರೆ ಟೆಂಟಿನವರನ್ನು ಸುಮ್ಮನೆ ಬಿಡಬೇಕು. ಜಾತ್ರೆಯ ಉದಾಹರಣೆ ಕೊಡುವವರೂ ಇದ್ದಾರೆ: ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಎತ್ತಿನಗಾಡಿಗಳ ಸಾಲುಸಾಲೇ ಬಂದು ಬೀಡುಬಿಡುತ್ತದೆ, ಅಲ್ಲಿ ನೆಲ ಹಾಳಾಗಲಿಲ್ಲವಲ್ಲ ಎಂದು. ಆ ಬೀಡು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಒಣದಿನಗಳಲ್ಲಿ, ಸಪಾಟು ಬಯಲಿನಲ್ಲಿ ನಡೆಯುತ್ತದೆ. ವಾರವಾರವೂ ಇಳಿಜಾರಿನಲ್ಲಿ, ಜಿಟಿಜಿಟಿ ಮಳೆಯಲ್ಲೂ ನಡೆಯುವ ಕ್ಯಾಂಪಿಂಗಿಗೆ ಅದನ್ನು ಹೋಲಿಸಲಾಗದು. ನೆಲ ಮತ್ತು ಋತು ನೋಡಿಕೊಂಡರೆ ಸಾವಿರಾರು ಜನರ ಬೀಡನ್ನೂ ಭೂಮಿ ತಡೆದೀತು ಎಂಬುದಕ್ಕೆ ಮಾತ್ರ ಆ ಜಾತ್ರೆ ಒಳ್ಳೆಯ ಸಾಕ್ಷಿ.

ಸಿಬ್ಬಂದಿ ಎಲ್ಲಿದ್ದಾರೆ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಅರ್ಧ ಉತ್ತರವಿದೆ. ಗಾರ್ಡ್, ವಾಚರ್‌ಗಳಿಗೆ ಈಗಿರುವ ಹೊರೆಯೇ ಸಾಕಷ್ಟಿದೆ. ಬೇಸಿಗೆಯಿಡೀ ಬೆಂಕಿ ಕಾಯುವುದರಲ್ಲೇ ಅವರ ದಿನ ಹೋಗುತ್ತದೆ. ಆದರೆ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಗಸ್ತಿನ ದಾಖಲೆಗೆ 2010ರಲ್ಲೇ ಎಂ-ಸ್ಟ್ರೈಪ್ಸ್ ಎಂಬ ವ್ಯವಸ್ಥೆ ಬಂದಿದೆ. ಹೆಜ್ಜೆಗುರುತು, ಹಿಕ್ಕೆ ದಾಖಲಿಸುವ ಫೋನಿನಲ್ಲಿ ಕ್ಯಾಂಪ್ ತಾಣದ ಒಂದು ನಮೂನೆ ಸೇರಿಸುವುದು ದೊಡ್ಡ ಖರ್ಚಿನ ಮಾತಲ್ಲ. ಕಾಡಿನ ಹೊರಗಿನ ತಾಣಗಳಿಗೆ ಗ್ರಾಮ ಅರಣ್ಯ ಸಮಿತಿ, ಪಂಚಾಯಿತಿ, ತರೀಕೆರೆ ಕಡೂರಿನ ಕಾಲೇಜುಗಳ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಇದ್ದಾರೆ. ಟೆಂಟಿಗೆ ವಸೂಲು ಮಾಡುವ ಶುಲ್ಕದ ಒಂದು ಪಾಲು ಆ ತಾಣದ ಅಳತೆಗೆ, ಕಾವಲಿಗೆ, ಶೌಚಾಲಯಕ್ಕೆ ಎಂದು ಮೀಸಲಿಟ್ಟರೆ ಊರಿನ ಇಬ್ಬರಿಗೆ ಕೆಲಸವೂ ಆಗುತ್ತದೆ. ಅಮೆರಿಕದ ಅಪಲೇಚಿಯನ್ ಚಾರಣದಾರಿಯ ಅನಾಪೊಲಿಸ್ ರಾಕ್ಸ್ ಎಂಬ ಕಡೆ ಮಾಡಿದ್ದು ಹೆಚ್ಚೂಕಡಿಮೆ ಇದನ್ನೇ: ಸಪಾಟು ಬೋಳು ಬಯಲನ್ನು ಮುಚ್ಚಿ, ಇಳಿಜಾರಿನಲ್ಲಿ ಟೆಂಟಿಗೆ ಸರಿಯಾಗುವಷ್ಟೇ ಚಿಕ್ಕ ಮಟ್ಟಗಳನ್ನು ಕಡಿದು, ಬೆಂಕಿ ನಿಷೇಧಿಸಿ, ಒಬ್ಬ ಮೇಲ್ವಿಚಾರಕನನ್ನು ಇಟ್ಟರು. ಮಟ್ಟದ ಆಚೆ ಇಳಿಜಾರು ಇರುವುದರಿಂದ ತಾಣ ತಾನಾಗಿಯೇ ಹಿಗ್ಗುವುದಿಲ್ಲ. ನಮ್ಮ ಮಳೆಗೆ ಇಳಿಜಾರು ಕಡಿಯುವುದು ಕೆಲವೆಡೆ ಅಪಾಯವೇ. ಹಾಗಾಗಿ ಅದನ್ನು ಕಣ್ಣುಮುಚ್ಚಿ ನಕಲು ಮಾಡಿ ಎನ್ನುತ್ತಿಲ್ಲ. ತೋಟದ ಮನೆಯ ಅಂಗಳ, ಕಾಫಿ ಕಣ, ಕೊಯ್ಲಾದ ಗದ್ದೆ ನಮ್ಮಲ್ಲಿ ಮೊದಲೇ ಸಿದ್ಧವಿರುವ ಗಟ್ಟಿ ನೆಲಗಳು. ಟೆಂಟ್ ಅಲ್ಲಿ ಬೀಳಲಿ.

ಈ ಸಾಲಿಗೆ ಇಷ್ಟಾದರೂ ಆಗಬೇಕು. ನವೆಂಬರ್ ಮುಗಿಯುವುದರೊಳಗೆ ಮೂರು ತಾಲ್ಲೂಕುಗಳಲ್ಲಿ ಜನ ಟೆಂಟ್ ಹಾಕುವ ಜಾಗಗಳ ಪಟ್ಟಿ, ಪ್ರತಿಯೊಂದಕ್ಕೂ ಒಂದು ಮೊಳೆ, ಒಂದು ಅಳತೆ, ಒಂದು ಫೋಟೊ; ಮೇ ತಿಂಗಳಲ್ಲಿ ಅದರ ಎರಡನೆಯ ಅಳತೆ; ಎರಡನ್ನೂ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸುವುದು. ಜನವರಿಯಿಂದ ಮೊದಲ ಮಳೆಯವರೆಗೆ ನೆಲದ ಮೇಲೆ ಕ್ಯಾಂಪ್‌ಫೈರ್ ಪೂರ್ತಿ ನಿಲ್ಲಲಿ. ಇದಕ್ಕೆ ಅಳತೆ ಕಾಯುವ ಅಗತ್ಯವಿಲ್ಲ. ಓದುಗರಲ್ಲಿ ಒಂದು ಕೋರಿಕೆ: ಮುಂದಿನ ಸಲ ಟೆಂಟ್ ಕಾಯ್ದಿರಿಸುವಾಗ ಊಟದಲ್ಲಿ ಏನಿದೆ ಎಂದು ಕೇಳುವ ಮೊದಲು, ಆ ಜಾಗ ಕಳೆದ ವರ್ಷ ಹೇಗಿತ್ತು, ಫೋಟೊ ಇದೆಯೇ ಎಂದು ಕೇಳಿ. ಇಲ್ಲ ಎಂದರೆ ಅಲ್ಲಿಗೆ ಹೋಗಬೇಡಿ.